ಮನೆ ಇದೆ, ಕೈಯಲ್ಲಿ ಕಾಸಿಲ್ಲ: ಬ್ರಿಟನ್ನಿನ ಹಿರಿಯರು ಮನೆಯ ಮೇಲೆ ಹಣ ಪಡೆದ ಕಥೆ

1918ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೂರಕ್ಕೆ ಸುಮಾರು 23 ಕುಟುಂಬಗಳಿಗಷ್ಟೇ ಸ್ವಂತ ಮನೆಯಿತ್ತು. ಉಳಿದವರದ್ದು ಬಾಡಿಗೆ ಬದುಕು. ಬರಬರುತ್ತಾ ಮನೆ ಸಾಲ ಸುಲಭವಾಯಿತು. 1980ರಲ್ಲಿ ಥ್ಯಾಚರ್ ಸರ್ಕಾರ ‘ರೈಟ್ ಟು ಬೈ’ ತಂದಿತು. ಕೌನ್ಸಿಲ್ ಮನೆಗಳಲ್ಲಿ, ಅಂದರೆ ಸ್ಥಳೀಯ ಆಡಳಿತದ ಮನೆಗಳಲ್ಲಿ, ಬಾಡಿಗೆಗಿದ್ದವರು ಅದೇ ಮನೆಯನ್ನು ರಿಯಾಯಿತಿ ಬೆಲೆಗೆ ಕೊಂಡರು. 2003ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸ್ವಂತ ಮನೆಯವರು ನೂರಕ್ಕೆ 71 ಆಗಿದ್ದರು.

ಮನೆ ಕೊಂಡವರಿಗೆ ವಯಸ್ಸಾಯಿತು. ಸಾಲ ತೀರಿತ್ತು, ಮನೆಯ ಬೆಲೆಯೂ ಏರಿತ್ತು. ಪಿಂಚಣಿ ಮಾತ್ರ ಸಾಲುತ್ತಿರಲಿಲ್ಲ. ಮನೆ ಬಿಡದೆ, ಅದನ್ನು ಅಡವಿಟ್ಟು ಸಾಲ ಪಡೆದೋ ಅದರ ಪಾಲು ಮಾರಿಯೋ, ಅದರ ಬೆಲೆಯಲ್ಲಿ ಒಂದಿಷ್ಟನ್ನು ನಗದು ಮಾಡಿಕೊಳ್ಳುವ ದಾರಿಯೇ ‘ಈಕ್ವಿಟಿ ರಿಲೀಸ್’. 1960ರ ದಶಕದಲ್ಲೇ ಇದು ಸಣ್ಣದಾಗಿ ಶುರುವಾಗಿತ್ತು. ಕೇಳೋಕೆ ಸರಳ ಅನ್ನಿಸುತ್ತೆ, ಅಲ್ವಾ? ಆದರೆ ಬಡ್ಡಿ ಎಷ್ಟಕ್ಕೇರುತ್ತದೆ, ಮನೆ ಬೆಲೆ ಎಲ್ಲಿಗೆ ಹೋಗುತ್ತದೆ, ಸಾಲಗಾರ ಎಷ್ಟು ವರ್ಷ ಬದುಕುತ್ತಾನೆ ಅನ್ನುವುದು ಯಾರಿಗೂ ಗೊತ್ತಿರುವುದಿಲ್ಲ. ಆ ಅಪಾಯ ಯಾರ ತಲೆಗೆ ಬರುತ್ತದೆ ಅನ್ನುವುದರ ಮೇಲೆಯೇ ಇಡೀ ಇತಿಹಾಸ ನಿಂತಿದೆ.

1980ರ ದಶಕದ ಕೊನೆಯಲ್ಲಿ ಅದು ಪೂರ್ತಿಯಾಗಿ ಹಿರಿಯರ ತಲೆಗೇ ಬಂತು. ಆಗ ಮಾರಾಟವಾದ ಕೆಲವು ‘ಹೋಮ್ ಇನ್‌ಕಮ್ ಪ್ಲಾನ್’ಗಳಲ್ಲಿ ಮನೆ ಅಡವಿಟ್ಟು ತಂದ ಸಾಲವನ್ನು ಹೂಡಿಕೆ ಬಾಂಡ್‌ಗಳಿಗೆ ಹಾಕಿಸುತ್ತಿದ್ದರು. ಬಾಂಡಿನ ಲಾಭದಿಂದಲೇ ಬಡ್ಡಿ ಕಟ್ಟಿ, ಮಿಕ್ಕಿದ್ದರಲ್ಲಿ ಆರಾಮಾಗಿ ಇರಬಹುದು ಅಂತ ಲೆಕ್ಕ. 1989ರ ಅಕ್ಟೋಬರ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಬಡ್ಡಿ ದರ ಹೆಚ್ಚುಕಡಿಮೆ ಶೇ. 15 ಮುಟ್ಟಿತು. ಬಾಂಡಿನ ಆದಾಯ ಬಡ್ಡಿಗೇ ಸಾಲಲಿಲ್ಲ, ಮನೆ ಬೆಲೆಯೂ ಕುಸಿಯಿತು. ಸಾಲವಿಲ್ಲದೆ ನೆಮ್ಮದಿಯಾಗಿದ್ದವರು ಎಪ್ಪತ್ತು ದಾಟಿದ ಮೇಲೆ ಮನೆಯನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ಇದನ್ನು ದುರದೃಷ್ಟ ಅಂತ ನಾನು ಒಪ್ಪಲಾರೆ. ದುಡಿದು ತೀರಿಸುವ ವಯಸ್ಸು ದಾಟಿದವರಿಗೆ ಏರಿಳಿಯುವ ಬಡ್ಡಿಯ ಸಾಲ ಮಾರಿದ್ದೇ ತಪ್ಪು.

1990ರಲ್ಲಿ ಆ ಯೋಜನೆಗಳು ನಿಂತವು. ಮರುವರ್ಷ ಈಕ್ವಿಟಿ ರಿಲೀಸ್ ಮಾರುವ ಕೆಲವು ಕಂಪನಿಗಳು ಸೇರಿ ‘ಶಿಪ್’ ಎಂಬ ಸಂಘ ಕಟ್ಟಿ ಒಂದು ಖಾತ್ರಿ ಕೊಟ್ಟವು: ಮನೆ ಮಾರಿ ಬಂದ ಹಣಕ್ಕಿಂತ ಬಾಕಿ ಜಾಸ್ತಿ ಇದ್ದರೆ, ಉಳಿದದ್ದನ್ನು ಸಾಲಗಾರನಾಗಲಿ ಮಕ್ಕಳಾಗಲಿ ಕಟ್ಟಬೇಕಿಲ್ಲ. ಈ ಇಡೀ ಇತಿಹಾಸದಲ್ಲಿ ಹಿರಿಯರಿಗೆ ಸಿಕ್ಕ ದೊಡ್ಡ ರಕ್ಷಣೆ ಇದೇ.

ಅಷ್ಟರಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. 1996ರಿಂದ 1998ರವರೆಗೆ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮತ್ತು ಬಾರ್ಕ್ಲೇಸ್ ‘ಶೇರ್ಡ್ ಅಪ್ರಿಸಿಯೇಷನ್’ ಸಾಲ ಮಾರಿದವು. ಅದರ ಒಂದು ಬಗೆಯಲ್ಲಿ ಮನೆ ಬೆಲೆಯ ಕಾಲು ಭಾಗದವರೆಗೆ ಸಾಲ, ಬಡ್ಡಿ ಸೊನ್ನೆ. ಅದಕ್ಕೆ ಬದಲಾಗಿ, ಮುಂದೆ ಮನೆ ಬೆಲೆ ಎಷ್ಟು ಏರುತ್ತದೋ ಅದರ ಮುಕ್ಕಾಲು ಪಾಲು ಬ್ಯಾಂಕಿಗೆ. ಲೆಕ್ಕ ಹಾಕಿ ನೋಡಿ. 1 ಲಕ್ಷ ಪೌಂಡಿನ ಮನೆ, 25 ಸಾವಿರ ಸಾಲ. ಮುಂದೆ ಅದೇ ಮನೆ 4 ಲಕ್ಷಕ್ಕೆ ಹೋದರೆ ಏರಿಕೆ 3 ಲಕ್ಷ. ಅದರ ಮುಕ್ಕಾಲು 2.25 ಲಕ್ಷ. ಅಸಲು ಸೇರಿಸಿದರೆ ಬ್ಯಾಂಕಿಗೆ 2.5 ಲಕ್ಷ, ಮನೆಯವರಿಗೆ 1.5 ಲಕ್ಷ. ಮುಂದಿನ ಹತ್ತು ವರ್ಷ ಬ್ರಿಟನ್ನಿನಲ್ಲಿ ಮನೆ ಬೆಲೆ ಏರಿದ್ದೇ ಏರಿದ್ದು. ಮೊಣಕಾಲು ನೋವು, ಮೆಟ್ಟಿಲು ಹತ್ತೋಕಾಗಲ್ಲ, ಚಿಕ್ಕ ಮನೆಗೆ ಹೋಗೋಣ ಅಂದರೆ ಕೈಗೆ ಉಳಿಯುವ ಹಣದಲ್ಲಿ ಚಿಕ್ಕ ಮನೆಯೂ ಸಿಗದು. ಇದ್ದ ಮನೆಯಲ್ಲೇ ಸಿಕ್ಕಿಬಿದ್ದವರು ಎಷ್ಟೋ ಮಂದಿ.

ಸರ್ಕಾರಿ ನಿಯಂತ್ರಣ ಬಂದದ್ದು ತಡವಾಗಿ. ಸಾಯುವವರೆಗೆ ಅಥವಾ ಆರೈಕೆ ಕೇಂದ್ರಕ್ಕೆ ಹೋಗುವವರೆಗೆ ತೀರಿಸಬೇಕಿಲ್ಲದ ‘ಲೈಫ್‌ಟೈಮ್ ಮಾರ್ಟ್‌ಗೇಜ್’ 2004ರಲ್ಲಿ ಹಣಕಾಸು ನಿಯಂತ್ರಕರ ಕೈಗೆ ಬಂತು. ಮನೆಯ ಪಾಲನ್ನೇ ಮಾರಿ ಅಲ್ಲೇ ಇರುವ ‘ಹೋಮ್ ರಿವರ್ಷನ್’ 2007ರಲ್ಲಿ ಅವರ ನಿಯಂತ್ರಣಕ್ಕೆ ಬಂತು. ಶಿಪ್ 2012ರಲ್ಲಿ ಈಕ್ವಿಟಿ ರಿಲೀಸ್ ಕೌನ್ಸಿಲ್ ಆಯಿತು.

ಈಗ ಬಡ್ಡಿ ಸಾಮಾನ್ಯವಾಗಿ ಕೊನೆಯವರೆಗೂ ನಿಗದಿ. ಬೆಲೆ ಬಿದ್ದರೆ ಖಾತ್ರಿ ಇದೆ. ಉಳಿದಿರುವುದು ಚಕ್ರಬಡ್ಡಿ. 65ನೇ ವಯಸ್ಸಿಗೆ ಶೇ. 6ರಲ್ಲಿ 60 ಸಾವಿರ ಪೌಂಡ್ ತೆಗೆದುಕೊಂಡು ಏನೂ ಕಟ್ಟದಿದ್ದರೆ 77ಕ್ಕೆ ಅದು 1.2 ಲಕ್ಷ, 89ಕ್ಕೆ 2.4 ಲಕ್ಷ ದಾಟುತ್ತದೆ. ದೀರ್ಘಾಯುಷ್ಯವೇ ಸಾಲವನ್ನು ಬೆಳೆಸುತ್ತದೆ. ಇದನ್ನು ತಡೆಯೋಕೆ ಅಂತಲೇ 2022ರ ಮಾರ್ಚ್ 28ರಿಂದ, ಈಕ್ವಿಟಿ ರಿಲೀಸ್ ಕೌನ್ಸಿಲ್ ನಿಯಮದಡಿಯ ಹೊಸ ಸಾಲಗಳಲ್ಲಿ ಆಗಾಗ ಒಂದಿಷ್ಟು ಹಣವನ್ನು ದಂಡವಿಲ್ಲದೆ ಕಟ್ಟಲು ಅವಕಾಶ ಕೊಡಲೇಬೇಕು ಅಂತಾಯಿತು. ತಿಂಗಳಿಗೆ ಸ್ವಲ್ಪ ಕಟ್ಟಿದರೂ ಬೆಳವಣಿಗೆ ಎಷ್ಟೋ ತಗ್ಗುತ್ತದೆ. ಮಕ್ಕಳು ಕೈಜೋಡಿಸಿದರೆ ಇನ್ನೂ ಒಳ್ಳೆಯದು, ಹಾಗಾಗಿ ಸಹಿ ಹಾಕುವ ಮೊದಲೇ ಅವರಿಗೆ ವಿಷಯ ಗೊತ್ತಿರಬೇಕು.

ಅದೇ ವರ್ಷದ ಕೊನೆಗೆ ಬಡ್ಡಿ ದರ ಏರಿ ಮಾರುಕಟ್ಟೆ ತಣ್ಣಗಾಯಿತು. 2022ರಲ್ಲಿ 620 ಕೋಟಿ ಪೌಂಡ್ ಇದ್ದ ವಹಿವಾಟು 2023ರಲ್ಲಿ 260 ಕೋಟಿಗೆ ಇಳಿಯಿತು. ಆದರೆ ಮೊದಲೇ ನಿಗದಿ ಬಡ್ಡಿಗೆ ಸಾಲ ಪಡೆದಿದ್ದವರಿಗೆ ಈ ಏರಿಕೆಯ ಬಿಸಿ ತಟ್ಟಲಿಲ್ಲ. 1989ರ ಹಿರಿಯರಿಗೆ ಇಷ್ಟಾದರೂ ಸಿಕ್ಕಿದ್ದರೆ ಅವರ ಮನೆಗಳು ಉಳಿಯುತ್ತಿದ್ದವು.