ಫೋರ್ಕ್ ಗಟ್ಟಿ ಮಾಡೋದು ಆಯಿಲ್ ಕೆಲಸವಲ್ಲ, ಸ್ಪ್ರಿಂಗ್ ಕೆಲಸ

ಬ್ರೇಕ್ ಹಿಡಿದರೆ ಬೈಕಿನ ಮೂತಿ ನೆಲ ನೋಡುತ್ತದೆ, ಗುಂಡಿಗೆ ಇಳಿದರೆ ಹ್ಯಾಂಡಲ್‌ಗೆ ಟಣ್ ಅಂತ ಹೊಡೆತ ಬರುತ್ತದೆ. ಫೋರ್ಕ್, ಅಂದರೆ ಮುಂಚಕ್ರವನ್ನು ಎರಡು ಕಾಲಿನಂತೆ ಹಿಡಿದಿರುವ ಸಸ್ಪೆನ್ಶನ್, ಅದರ ಈ ದೂರು ಹೊತ್ತು ಬರುವವರು ಹೆಚ್ಚಾಗಿ ಮದ್ದನ್ನೂ ತಾವೇ ಹೇಳಿಬಿಡುತ್ತಾರೆ: "ದಪ್ಪ ಆಯಿಲ್ ಹಾಕ್ಬಿಡಿ, ಗಟ್ಟಿ ಆಗುತ್ತೆ." ನಾನು ಪ್ರತಿ ಸಲ ಬೇಡ ಅನ್ನುತ್ತೇನೆ. ಯಾಕೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ಡ್ಯಾಂಪರ್ ರಾಡ್ (ಆಯಿಲ್ ನುಗ್ಗುವ ಸಣ್ಣ ತೂತುಗಳಿರುವ ಒಳಗಿನ ಕೊಳವೆ) ಇರುವ ಸಾದಾ ಫೋರ್ಕ್ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ಒಳಗೆ ಪ್ರತ್ಯೇಕ ವಾಲ್ವ್ ಘಟಕ ಇರುವ ಕಾರ್ಟ್ರಿಜ್ ಫೋರ್ಕ್ ಕಥೆ ಬೇರೆ.

ಬೈಕಿನ ಭಾರ ಹೊರುವುದು ಸ್ಪ್ರಿಂಗ್. ಆಯಿಲ್ ಏನೂ ಹೊರುವುದಿಲ್ಲ, ಫೋರ್ಕ್ ಎಷ್ಟು ಬೇಗ ಇಳಿಯಬೇಕು, ಎಷ್ಟು ಬೇಗ ಏಳಬೇಕು ಅನ್ನೋದಕ್ಕೆ ಮಾತ್ರ ಅದು ಕಡಿವಾಣ. ದಪ್ಪ ಆಯಿಲ್ ಹಾಕಿದರೂ ಬ್ರೇಕ್ ಒತ್ತಿ ಹಿಡಿದಾಗ ಮೂತಿ ಅಷ್ಟೇ ಆಳಕ್ಕೆ ಹೋಗುತ್ತದೆ, ಸ್ವಲ್ಪ ನಿಧಾನಕ್ಕೆ ಹೋಗುತ್ತದೆ ಅಷ್ಟೇ. ಆದರೆ ಚೂಪಾದ ಗುಂಡಿ ಸಿಕ್ಕಾಗ ಅದೇ ಆಯಿಲ್ ತಿರುಗಿ ಬೀಳುತ್ತದೆ. ಸಣ್ಣ ತೂತಿನಲ್ಲಿ ಆಯಿಲ್ ನುಗ್ಗುವ ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಮ್ಮಿ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಫೋರ್ಕ್ ಇಳಿಯಲು ಒಪ್ಪದೆ ಹೊಡೆತವನ್ನು ನೇರ ನಿಮ್ಮ ಮಣಿಕಟ್ಟಿಗೆ ದಾಟಿಸುತ್ತದೆ. ಮೇಲೆ ಏಳುವಾಗಲೂ ಅದೇ ತಡೆ. ಸಾಲಾಗಿ ಗುಂಡಿ ಬಂದರೆ ಮೊದಲನೆಯದಕ್ಕೆ ಇಳಿದದ್ದು ಪೂರ್ತಿ ಏಳುವ ಮೊದಲೇ ಎರಡನೆಯದು ಬರುತ್ತದೆ, ಫೋರ್ಕ್ ಕೆಳಗೇ ಸಿಕ್ಕಿಕೊಳ್ಳುತ್ತದೆ.

ಬಿಚ್ಚುವ ಮೊದಲು ಅಳೆಯಿರಿ, ಇದನ್ನು ಮಾತ್ರ ಬಿಡಬೇಡಿ. ಫೋರ್ಕ್ ಟ್ಯೂಬಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಮುಂಚಕ್ರ ನೆಲದಿಂದ ಎತ್ತಿದಾಗ ಅದನ್ನು ಡಸ್ಟ್ ಸೀಲಿಗೆ (ಟ್ಯೂಬ್ ಒಳಹೋಗುವ ಬಾಯಲ್ಲಿರುವ ರಬ್ಬರ್ ಬಳೆ) ತಾಗಿಸಿ. ಬೈಕ್ ಮೆಲ್ಲಗೆ ಇಳಿಸಿ, ನೀವು ಎಂದಿನಂತೆ ಕೂತು, ಅಲುಗಾಡದೆ ಇಳಿಯಿರಿ. ಮತ್ತೆ ಎತ್ತಿ ನೋಡಿದರೆ ಟೈ ಎಷ್ಟು ಸರಿದಿದೆಯೋ ಅದೇ ನಿಮ್ಮ ಸ್ಯಾಗ್. ಪೂರ್ತಿ ಓಟ 120 ಮಿ.ಮೀ. ಇರುವ ಫೋರ್ಕ್‌ನಲ್ಲಿ 30ರಿಂದ 40 ಮಿ.ಮೀ. ಸರಿ. 55 ಬಂದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ನಿಮ್ಮ ತೂಕಕ್ಕೆ ಅದು ಮೊದಲಿನಿಂದಲೂ ಸಾಲದು.

ಬಿಚ್ಚುವಾಗ ಕ್ರಮ ತಪ್ಪಿದರೆ ಇಡೀ ದಿನ ಹಾಳು. ಟ್ಯೂಬನ್ನು ಹಿಡಿದಿರುವ ಮೇಲಿನ ಕ್ಲಾಂಪಿನ ಬೋಲ್ಟ್ ಸಡಿಲಿಸಿ, ಟ್ಯೂಬ್ ಕೆಳಗಿನ ಕ್ಲಾಂಪಿನಲ್ಲಿ ಬಿಗಿಯಾಗಿರುವಾಗಲೇ ತಲೆಯ ಕ್ಯಾಪನ್ನು ಒಂದು ಸುತ್ತು ಸಡಿಲಿಸಿಕೊಳ್ಳಿ. ತಳದ ಅಲೆನ್ ಬೋಲ್ಟನ್ನೂ ಸ್ಪ್ರಿಂಗ್ ಒಳಗಿರುವಾಗಲೇ ಸಡಿಲಿಸಿ, ಸ್ಪ್ರಿಂಗ್ ತೆಗೆದ ಮೇಲಾದರೆ ಒಳಗಿನ ರಾಡ್ ಹಿಡಿಯುವವರಿಲ್ಲದೆ ಬೋಲ್ಟ್ ಜೊತೆಗೇ ಸುಮ್ನೆ ತಿರುಗುತ್ತಾ ಇರುತ್ತದೆ. ಕ್ಯಾಪಿನ ಹಿಂದೆ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ, ಕೊನೆಯ ಎಳೆ ಬಿಡುವಾಗ ಮುಖ ಅದರ ನೇರಕ್ಕೆ ಬೇಡ. ಕ್ಯಾಲಿಪರನ್ನು ಬ್ರೇಕ್ ಹೋಸ್‌ಗೆ ನೇತುಬಿಡಬೇಡಿ, ದಾರದಲ್ಲಿ ಕಟ್ಟಿ.

ಹಳೇ ಆಯಿಲನ್ನು ಬಿಳಿ ತಟ್ಟೆಗೆ ಬಗ್ಗಿಸಿ ನೋಡಿ. ಬೂದಿ ಬಣ್ಣ, ತಟ್ಟೆ ಅಲುಗಿಸಿದರೆ ಬೆಳ್ಳಿಯಂತೆ ಮಿನುಗುವ ಪುಡಿ ಕಂಡರೆ ಅದು ಸವೆದ ಲೋಹ, ಟ್ಯೂಬ್ ಜಾರುವ ಬಳೆಯಂಥ ಬುಷ್ ಕಡೆ ಕಣ್ಣಿಡಿ. ಒಮ್ಮೆ ನನ್ನ ಬಳಿ ಬಂದ ಬೈಕಿನಲ್ಲಿ ಎಡಗಡೆಗಿಂತ ಬಲಗಡೆ 40 ಮಿ.ಲೀ. ಜಾಸ್ತಿ ಆಯಿಲ್ ಇತ್ತು, ಸ್ಪ್ರಿಂಗ್‌ಗಳು ಮ್ಯಾನ್ಯುಯಲ್ ಹೇಳುವ ಕನಿಷ್ಠ ಉದ್ದಕ್ಕಿಂತ 9 ಮಿ.ಮೀ. ಕುಗ್ಗಿದ್ದವು. ಆ ಸವಾರ ಎರಡು ಸಲ ದಪ್ಪ ಆಯಿಲ್ ಹಾಕಿಸಿದ್ದ, ಸ್ಪ್ರಿಂಗನ್ನು ಯಾರೂ ಅಳೆದಿರಲಿಲ್ಲ. ಹೊಟ್ಟೆ ಉರಿಯಿತು.

ಟ್ಯೂಬನ್ನು ದಪ್ಪ ಗಾಜಿನ ಮೇಲೆ ಉರುಳಿಸಿ. ಗಾಜಿಗೂ ಟ್ಯೂಬಿಗೂ ನಡುವೆ ಬೆಳಕು ಮಿಣುಕಿದರೆ ಅದು ಬಾಗಿದೆ. ಆಮೇಲೆ ಉಗುರಿನಿಂದ ಮೇಲಿಂದ ಕೆಳಗೆ ಸವರಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ತಡೆದರೆ ಅಲ್ಲೊಂದು ತುಕ್ಕಿನ ಚುಕ್ಕೆ ಇದೆ. 1000 ನಂಬರ್ ಎಮರಿ ಪೇಪರ್‌ಗೆ ಆಯಿಲ್ ಸವರಿ ಅದರ ಏರನ್ನಷ್ಟೇ ತೆಗೆಯಿರಿ. ಇದನ್ನು ಬಿಟ್ಟು ಹೊಸ ಸೀಲ್ ಹಾಕಿದರೆ ವಾರದಲ್ಲೇ ಮತ್ತೆ ಸೋರುತ್ತದೆ, ಆ ಆಯಿಲ್ ಬ್ರೇಕ್ ಡಿಸ್ಕ್ ಮೇಲೆ ಇಳಿದರೆ ಆಮೇಲೆ ಬ್ರೇಕ್ ನಂಬೋ ಹಾಗಿಲ್ಲ. ಹೊಸ ಸೀಲ್ ಇಳಿಸುವಾಗ ಟ್ಯೂಬಿನ ತುದಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಆಯಿಲ್ ಸವರಿ, ಸೀಲಿನ ತುಟಿ ಹರಿಯುವುದಿಲ್ಲ. ಅದರ ಸಣ್ಣ ಸುರುಳಿ ಸ್ಪ್ರಿಂಗ್ ಆಯಿಲ್ ಕಡೆಗೆ, ಅಂದರೆ ಕೆಳಮುಖ. ಅಳತೆಗೆ ಸರಿಹೋಗುವ ಪಿವಿಸಿ ಪೈಪಿನಿಂದ ಸಮನಾಗಿ ಬಡಿದು ಕೂರಿಸಿ. ತಳದ ಬೋಲ್ಟಿಗೆ ಹೊಸ ತಾಮ್ರದ ವಾಷರ್.

ಈಗ ಗಟ್ಟಿ ಮಾಡುವ ವಿಷಯ. ಒಳ್ಳೆಯ ದಾರಿ ನಿಮ್ಮ ತೂಕಕ್ಕೆ ತಕ್ಕ ಗಟ್ಟಿ ಸ್ಪ್ರಿಂಗ್ ತಂದು ಹಾಕುವುದು. ಸಿಗದಿದ್ದರೆ ಇರುವುದನ್ನೇ ಕತ್ತರಿಸಬಹುದು, ಕೇಳಲು ವಿಚಿತ್ರ ಅನ್ನಿಸಿದರೂ ಲೆಕ್ಕ ಸರಿ ಇದೆ. ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಟ್ಟಿ. ಸಮ ಅಂತರದ 40 ಸುತ್ತಿನಲ್ಲಿ 4 ತೆಗೆದರೆ ಸುಮಾರು 11 ಶೇಕಡ ಗಟ್ಟಿ ಆಗುತ್ತದೆ. ಕತ್ತರಿಸಿದ ಉದ್ದಕ್ಕೆ ಸರಿಯಾಗಿ ಸ್ಪೇಸರ್ (ಸ್ಪ್ರಿಂಗ್ ಮೇಲೆ ಕೂರುವ ಪೈಪ್ ತುಂಡು) ಸೇರಿಸಿ, ನಡುವೆ ಚಪ್ಪಟೆ ವಾಷರ್ ಇಡಿ. ಗ್ರೈಂಡರ್‌ನಲ್ಲೇ ಕತ್ತರಿಸಿ, ಗ್ಯಾಸ್ ಜ್ವಾಲೆ ಬೇಡ, ಅದನ್ನು ತಾಗಿಸಿದರೆ ತಂತಿಯ ಬಿರುಸು ಹೋಗುತ್ತದೆ. ಪೂರ್ತಿ ಇಳಿದಾಗ ಸುತ್ತುಗಳು ಒಂದಕ್ಕೊಂದು ಅಂಟಿ ನಿಲ್ಲಬಾರದು, ಅದನ್ನು ಜೋಡಿಸುವ ಮೊದಲೇ ಲೆಕ್ಕ ಹಾಕಿಕೊಳ್ಳಿ. ಉಳಿದ ಸುತ್ತುಗಳನ್ನು ತಂತಿಯ ದಪ್ಪದಿಂದ ಗುಣಿಸಿದರೆ ಸ್ಪ್ರಿಂಗ್ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ಬರೀ ಸ್ಪೇಸರ್ ಉದ್ದ ಮಾಡಿದರೆ ಮಾತ್ರ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ, ಬೈಕ್ ಸ್ವಲ್ಪ ಎತ್ತರಕ್ಕೆ ನಿಲ್ಲುತ್ತದೆ ಅಷ್ಟೇ. ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ.

ಆಯಿಲ್ ಮಾತ್ರ ಬೈಕ್ ಕಂಪನಿ ಹೇಳಿದ್ದನ್ನೇ ಹಾಕಿ. ಡಬ್ಬಿಯ ಮೇಲಿನ ದಪ್ಪದ ನಂಬರ್ ನಂಬಬೇಡಿ, ಒಂದು ಡಬ್ಬಿಯ 10ಡಬ್ಲ್ಯೂ ಇನ್ನೊಂದು ಡಬ್ಬಿಯ 15ಡಬ್ಲ್ಯೂಗೆ ಸಮ ಇರಬಹುದು, ಆದ್ದರಿಂದ ಎರಡೂ ಕಾಲಿಗೆ ಒಂದೇ ಡಬ್ಬಿಯದು ಇರಲಿ. ಹಾಕಿದ ಮೇಲೆ ಟ್ಯೂಬನ್ನು ಮೇಲೆ ಕೆಳಗೆ ಎಳೆದಾಡಿ. ಮೊದಲು ಗುಳುಗುಳು ಸದ್ದು ಬರುತ್ತದೆ, ಗುಳ್ಳೆ ನಿಂತ ಮೇಲೆ ಎಳೆತ ಒಂದೇ ಸಮ ಆಗುತ್ತದೆ. ಹತ್ತು ನಿಮಿಷ ಬಿಟ್ಟು, ಸ್ಪ್ರಿಂಗ್ ಹಾಕದೆ, ಟ್ಯೂಬ್ ಪೂರ್ತಿ ಕೆಳಗಿಳಿಸಿ, ಅದರ ಬಾಯಿಂದ ಆಯಿಲ್‌ವರೆಗೆ ಸ್ಕೇಲ್‌ನಲ್ಲಿ ಅಳೆಯಿರಿ. ಮಿಲಿಲೀಟರ್ ಲೆಕ್ಕಕ್ಕಿಂತ ಈ ಅಳತೆ ನಂಬಿಕಸ್ಥ. ಇಲ್ಲಿ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ, ಕೊನೆಯಲ್ಲಿ ಕೆಲಸ ಮಾಡುವಂಥದ್ದು. ಫೋರ್ಕ್ ತಳ ಬಡಿಯುವುದು ಮಾತ್ರ ನಿಮ್ಮ ತೊಂದರೆ ಆಗಿದ್ದರೆ ಮಟ್ಟವನ್ನು 10 ಮಿ.ಮೀ. ಏರಿಸಿ ಓಡಿಸಿ ನೋಡಿ. ಅತಿ ಮಾಡಿದರೆ ಒತ್ತಡಕ್ಕೆ ಸೀಲೇ ಹೊರಬರುತ್ತದೆ.

ಜೋಡಿಸಿದ ಮೇಲೆ ಆಕ್ಸಲ್ ಬಿಗಿಮಾಡಿ, ಆದರೆ ಅದನ್ನು ಹಿಡಿದಿರುವ ಫೋರ್ಕ್ ಕಾಲಿನ ಪಿಂಚ್ ಬೋಲ್ಟ್ ಸಡಿಲ ಬಿಟ್ಟು, ಮುಂದಿನ ಬ್ರೇಕ್ ಹಿಡಿದು ಐದಾರು ಸಲ ಫೋರ್ಕ್ ಒತ್ತಿ. ಎರಡೂ ಕಾಲು ತಮ್ಮಷ್ಟಕ್ಕೆ ನೇರಕ್ಕೆ ಬಂದು ಕೂರುತ್ತವೆ. ಆಮೇಲೆ ಪಿಂಚ್ ಬೋಲ್ಟ್ ಬಿಗಿಮಾಡಿ, ಕೇಬಲ್ ಟೈ ಮತ್ತೆ ಕೆಳಗೆ ಸರಿಸಿ, ಕೂತು, ಸ್ಯಾಗ್ ಇನ್ನೊಮ್ಮೆ ಅಳೆಯಿರಿ.