ತಂತ್ರಾಂಶ ತೆರೆಯುವ ಮುನ್ನ ಒಂದು ಹಾಳೆ, ಒಂದು ಪೆನ್ಸಿಲ್

ಡೇಟಾಬೇಸ್ ಕಲಿಯಲು ಕೂತವರಲ್ಲಿ ಹೆಚ್ಚಿನವರು ಮೊದಲ ದಿನವೇ ಹೊಸ ಟೇಬಲ್ ತೆರೆದು ಟೈಪ್ ಮಾಡತೊಡಗುತ್ತಾರೆ. ಎಕ್ಸೆಲ್‌ನಲ್ಲಿ ಆ ಅಭ್ಯಾಸ ನಡೆಯುತ್ತದೆ. ಡೇಟಾಬೇಸ್‌ನಲ್ಲಿ ನಡೆಯುವುದಿಲ್ಲ. ಮಾಹಿತಿಯನ್ನು ಯಾವ ಯಾವ ಟೇಬಲ್‌ಗಳಾಗಿ ಬೇರ್ಪಡಿಸಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ತೀರ್ಮಾನಿಸದಿದ್ದರೆ, ಆಮೇಲೆ ಮಾಹಿತಿ ತುಂಬಲು ಎಷ್ಟು ಚೆಂದದ ಫಾರ್ಮ್ ಮಾಡಿದರೂ ಲೆಕ್ಕ ತಾಳೆಯಾಗುವುದಿಲ್ಲ.

ಯಾವ ತಂತ್ರಾಂಶ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಮೈಕ್ರೋಸಾಫ್ಟ್ ಆಕ್ಸೆಸ್ 1992ರಿಂದ ಇದೆ, ಅದು ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಲಿಬ್ರೆಆಫೀಸ್ ಬೇಸ್ ಉಚಿತ. ಲಿನಕ್ಸ್, ಮ್ಯಾಕ್‌ಗಳಲ್ಲೂ ಸಿಗುತ್ತದೆ. ಕೆಳಗೆ ಹೇಳುವ ವಿನ್ಯಾಸ ಎರಡಕ್ಕೂ ಒಂದೇ.

ಪುಸ್ತಕ ಎರವಲು ಕೊಡುವ ಸಣ್ಣ ಗ್ರಂಥಾಲಯವನ್ನು ತೆಗೆದುಕೊಳ್ಳಿ. ಎಕ್ಸೆಲ್ ರೂಢಿಯವರು ಒಂದೇ ಹಾಳೆಯಲ್ಲಿ ಸದಸ್ಯರ ಹೆಸರು, ಫೋನ್, ಪುಸ್ತಕ, ಲೇಖಕ, ಒಯ್ದ ದಿನ, ಮರಳಿಸಿದ ದಿನ ಎಲ್ಲವನ್ನೂ ಸಾಲಾಗಿ ಬರೆಯುತ್ತಾರೆ. ಒಬ್ಬ ಸದಸ್ಯೆ ಐದು ಪುಸ್ತಕ ಒಯ್ದರೆ ಅವರ ಫೋನ್ ನಂಬರ್ ಐದು ಕಡೆ ಇರುತ್ತದೆ. ನಂಬರ್ ಬದಲಾದಾಗ ಮೂರು ಕಡೆ ತಿದ್ದಿ ಎರಡು ಕಡೆ ಮರೆತರೆ, ಯಾವುದು ಸರಿ ಎಂದು ಹೇಳಲು ಆ ಹಾಳೆಗೆ ಸಾಧ್ಯವಿಲ್ಲ. ಆದ್ದರಿಂದ ಒಂದು ಸಂಗತಿ ಒಂದೇ ಕಡೆ ಇರಬೇಕು. ಸದಸ್ಯರಿಗೆ ಒಂದು ಟೇಬಲ್, ಪುಸ್ತಕಗಳಿಗೆ ಒಂದು, ಎರವಲಿಗೆ ಇನ್ನೊಂದು. ಎರವಲು ಟೇಬಲ್‌ನಲ್ಲಿ ಹೆಸರು, ಶೀರ್ಷಿಕೆ ಯಾವುದೂ ಇರುವುದಿಲ್ಲ. ಎರವಲಿನದೇ ಒಂದು ಸಂಖ್ಯೆ, ಸದಸ್ಯರ ಸಂಖ್ಯೆ, ಪುಸ್ತಕದ ಸಂಖ್ಯೆ ಮತ್ತು ಎರಡು ದಿನಾಂಕ, ಅಷ್ಟೇ.

ಇಲ್ಲಿ ಪೆನ್ಸಿಲ್ ಹಿಡಿದು ಒಂದು ಪ್ರಶ್ನೆ ಕೇಳಿಕೊಳ್ಳಿ: ಒಂದೇ ಪುಸ್ತಕದ ಮೂರು ಪ್ರತಿಗಳಿದ್ದರೆ? ಸದಸ್ಯರು ಒಯ್ಯುವುದು ಶೀರ್ಷಿಕೆಯನ್ನಲ್ಲ, ಒಂದು ಪ್ರತಿಯನ್ನು. ಹಾಗಾಗಿ ‘ಪ್ರತಿಗಳು’ ಎಂಬ ನಾಲ್ಕನೆಯ ಟೇಬಲ್ ಬೇಕು, ಎರವಲಿಗೆ ಅಂಟಬೇಕಾದದ್ದು ಪ್ರತಿಯ ಸಂಖ್ಯೆ. ಕಾಗದದಲ್ಲಿ ಇದು ಅರ್ಧ ನಿಮಿಷದ ತಿದ್ದುಪಡಿ. ಸಾವಿರ ಸಾಲು ತುಂಬಿದ ಮೇಲೆ ಇಡೀ ದಿನದ ಕೆಲಸ.

ಈಗ ತಂತ್ರಾಂಶ ತೆರೆಯಿರಿ. ಪ್ರತಿ ಟೇಬಲ್ ಅನ್ನು, ಕಾಲಂಗಳ (ಫೀಲ್ಡ್‌ಗಳ) ಹೆಸರು, ಬಗೆ ತೀರ್ಮಾನಿಸುವ ಡಿಸೈನ್ ವ್ಯೂನಲ್ಲೇ ಮಾಡಿ. ಮೊದಲ ಫೀಲ್ಡ್ ಆಟೋನಂಬರ್, ಅಂದರೆ ತಂತ್ರಾಂಶ ತಾನೇ ಕೊಡುವ ಸಂಖ್ಯೆ. ಅದೇ ಪ್ರೈಮರಿ ಕೀ, ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಫೀಲ್ಡ್. ಬೇಸ್‌ನಲ್ಲಾದರೆ ಇಂಟೀಜರ್ ಆರಿಸಿ ಆಟೋವ್ಯಾಲ್ಯೂಗೆ ‘ಯೆಸ್’ ಕೊಡಿ. ಪ್ರೈಮರಿ ಕೀ ಇಲ್ಲದ ಟೇಬಲ್‌ನಲ್ಲಿ ಬೇಸ್ ಒಂದು ಅಕ್ಷರವನ್ನೂ ತುಂಬಲು ಬಿಡುವುದಿಲ್ಲ. ಫೋನ್ ನಂಬರ್ ಕೂಡಿಸುವ ಅಂಕಿಯಲ್ಲ, ಅದಕ್ಕೆ ಆಕ್ಸೆಸ್‌ನಲ್ಲಿ ಶಾರ್ಟ್ ಟೆಕ್ಸ್ಟ್ ಇರಲಿ. ನಂಬರ್ ಎಂದು ಇಟ್ಟರೆ ಮೊದಲಲ್ಲಿರುವ ಸೊನ್ನೆ ಮಾಯವಾಗುತ್ತದೆ. ಶಾರ್ಟ್ ಟೆಕ್ಸ್ಟ್ ಗರಿಷ್ಠ 255 ಅಕ್ಷರ ಹಿಡಿಯುತ್ತದೆ, ಉದ್ದದ ಟಿಪ್ಪಣಿಗೆ ಲಾಂಗ್ ಟೆಕ್ಸ್ಟ್. ದಂಡದ ಮೊತ್ತಕ್ಕೆ ಕರೆನ್ಸಿ ಬಳಸಿ, ಡಬಲ್ ಬೇಡ. ಡಬಲ್ ಎಂಬ ಬಗೆ ಸಂಖ್ಯೆಯನ್ನು ದ್ವಿಮಾನದಲ್ಲಿ (0, 1 ಅಂಕಿಗಳಲ್ಲಿ ಮಾತ್ರ) ಇಡುವುದರಿಂದ 0.1ರಂಥ ಭಿನ್ನರಾಶಿ ನಿಖರವಾಗಿ ಕೂರುವುದಿಲ್ಲ, ಕೂಡುತ್ತಾ ಹೋದಂತೆ ಕೊನೆಯ ಅಂಕಿಗಳು ಅಲುಗುತ್ತವೆ.

ಆಕ್ಸೆಸ್‌ನಲ್ಲಿ ಹೊಸಬರನ್ನು ಹೆಚ್ಚು ಕಾಡುವ ಜಾಗ ಟೇಬಲ್‌ಗಳ ಸಂಬಂಧ. ಡೇಟಾಬೇಸ್ ಟೂಲ್ಸ್‌ನಲ್ಲಿ ರಿಲೇಶನ್‌ಶಿಪ್ಸ್ ತೆರೆದು, ಸದಸ್ಯರ ಟೇಬಲ್‌ನ ಸಂಖ್ಯೆಯನ್ನು ಎಳೆದು ಎರವಲಿನ ಸದಸ್ಯ ಸಂಖ್ಯೆಯ ಮೇಲೆ ಬಿಡಿ, ‘ಎನ್‌ಫೋರ್ಸ್ ರೆಫರೆನ್ಷಿಯಲ್ ಇಂಟೆಗ್ರಿಟಿ’ಗೆ ಗುರುತು ಹಾಕಿ, ಇಲ್ಲದ ಸದಸ್ಯರ ಸಂಖ್ಯೆ ಎರವಲಿಗೆ ಸೇರದಂತೆ ತಡೆಯುವುದು ಅದೇ. ಇಲ್ಲೇ ದೋಷ ಸಂದೇಶ ಬಂದರೆ ಸಾಮಾನ್ಯವಾಗಿ ಎರಡು ಫೀಲ್ಡ್‌ಗಳ ಬಗೆ ಹೊಂದುತ್ತಿಲ್ಲ ಎಂದರ್ಥ. ಆಟೋನಂಬರ್ ಒಳಗಿಂದ ಲಾಂಗ್ ಇಂಟೀಜರ್, ಹಾಗಾಗಿ ಎರವಲಿನ ಫೀಲ್ಡ್ ಕೂಡ ನಂಬರ್, ಲಾಂಗ್ ಇಂಟೀಜರ್ ಆಗಿರಬೇಕು. ಇನ್ನೊಂದು ಸೂಕ್ಷ್ಮ: ಆಕ್ಸೆಸ್ ಹೊಸ ನಂಬರ್ ಫೀಲ್ಡ್‌ಗೆ ಡೀಫಾಲ್ಟ್ ವ್ಯಾಲ್ಯೂ 0 ಎಂದು ತಾನೇ ತುಂಬುತ್ತದೆ. 0 ಸಂಖ್ಯೆಯ ಸದಸ್ಯರು ಇರುವುದಿಲ್ಲವಲ್ಲ, ಹಾಗಾಗಿ ಆ ಜಾಗ ಮುಟ್ಟದೆ ಸಾಲನ್ನು ಉಳಿಸಹೊರಟರೆ ‘ಸಂಬಂಧಿತ ದಾಖಲೆ ಬೇಕು’ ಎಂಬ ತಕರಾರು ಏಳುತ್ತದೆ. ಆ ಸೊನ್ನೆಯನ್ನು ಅಳಿಸಿ, ಪಕ್ಕದ ರಿಕ್ವೈರ್ಡ್‌ಗೆ ‘ಯೆಸ್’ ಕೊಡಿ. ಕ್ಯಾಸ್ಕೇಡ್ ಡಿಲೀಟ್ ಎಂಬ ಗುರುತನ್ನು ದಯವಿಟ್ಟು ಮುಟ್ಟಬೇಡಿ. ಒಬ್ಬ ಸದಸ್ಯರನ್ನು ಅಳಿಸಿದರೆ ಅವರ ಎಲ್ಲ ಎರವಲು ದಾಖಲೆಗಳೂ ಜೊತೆಗೇ ಹೋಗುತ್ತವೆ. ಬಿಟ್ಟುಹೋದವರಿಗಾಗಿ ‘ಸಕ್ರಿಯ’ ಎಂಬ ಯೆಸ್/ನೋ ಫೀಲ್ಡ್ ಇಟ್ಟರೆ ಸಾಕು.

ಟೇಬಲ್ ಒಳಗೆ ಲುಕ್‌ಅಪ್ ವಿಝಾರ್ಡ್ (ಸಂಖ್ಯೆಯ ಬದಲು ಇನ್ನೊಂದು ಟೇಬಲ್‌ನ ಹೆಸರು ತೋರಿಸುವ ಸಾಧನ) ಬಳಸುವ ಆಸೆಯಾಗುತ್ತದೆ, ನನಗದು ಒಪ್ಪಿಗೆಯಿಲ್ಲ. ಪರದೆಯಲ್ಲಿ ಕಾಣುವುದು ಹೆಸರು, ಒಳಗೆ ಕೂತಿರುವುದು ಸಂಖ್ಯೆ. ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಹೆಸರು ಬರೆದು ಹುಡುಕಿದರೆ ಬಗೆ ಹೊಂದುತ್ತಿಲ್ಲ ಎಂಬ ದೋಷ ಬರುತ್ತದೆ, ಕಾರಣ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ಪಟ್ಟಿ ಬೇಕಾದದ್ದು ತುಂಬುವವರಿಗೆ. ಅದಕ್ಕೆ ಫಾರ್ಮ್‌ನಲ್ಲಿ ಕಾಂಬೋ ಬಾಕ್ಸ್ ಇದೆ.

ಇನ್ನು ಕ್ವೆರಿ. ಎರಡು ವಾರ ಕಳೆದರೂ ಮರಳದ ಪುಸ್ತಕಗಳು ಬೇಕೆನ್ನಿ. ಮರಳಿಸಿದ ದಿನದ ಕ್ರೈಟೀರಿಯಾ ಎಂಬ ಷರತ್ತಿನ ಜಾಗದಲ್ಲಿ ‘ಈಸ್ ನಲ್’ (ಖಾಲಿ ಇದೆ) ಎಂದೂ, ಒಯ್ದ ದಿನದ ಕೆಳಗೆ ಇಂದಿನ ದಿನಾಂಕದಿಂದ 14 ಕಳೆದದ್ದಕ್ಕಿಂತ ಹಿಂದಿನದು ಎಂದೂ ಕೊಡಿ. ಎರಡೂ ಒಂದೇ ಸಾಲಿನಲ್ಲಿರಲಿ, ಸಾಲು ಬದಲಾದರೆ ‘ಮತ್ತು’ ಹೋಗಿ ‘ಅಥವಾ’ ಆಗುತ್ತದೆ. ಕ್ವೆರಿಯ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆಯುವಾಗ ‘ಈಸ್ ನಲ್’ ಬದಲು ಸಮಚಿಹ್ನೆಯ ಮುಂದೆ ನಲ್ ಎಂದು ಹಾಕಿದರೆ ಒಂದು ಸಾಲೂ ಬರುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ನಲ್ ಎಂದರೆ ಬೆಲೆ ತಿಳಿದಿಲ್ಲ ಎಂದು. ತಿಳಿಯದ್ದು ಯಾವುದಕ್ಕೂ ಸಮವಲ್ಲ, ಇನ್ನೊಂದು ತಿಳಿಯದ್ದಕ್ಕೂ ಅಲ್ಲ. ಒಮ್ಮೆಯೂ ಪುಸ್ತಕ ಒಯ್ಯದ ಸದಸ್ಯರನ್ನು ಹುಡುಕುವಾಗಲೂ ಹೀಗೇ ಖಾಲಿ ಉತ್ತರ ಬರುತ್ತದೆ. ಮಾಮೂಲಿ ಜೋಡಣೆ ಎರಡೂ ಕಡೆ ಇರುವ ಸಾಲುಗಳನ್ನಷ್ಟೇ ಕೊಡುತ್ತದೆ. ಟೇಬಲ್‌ಗಳ ನಡುವಿನ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ, ಎಲ್ಲ ಸದಸ್ಯರನ್ನೂ ಸೇರಿಸುವ ಆಯ್ಕೆ ತೆಗೆದುಕೊಂಡು, ಎರವಲು ಸಂಖ್ಯೆಗೆ ‘ಈಸ್ ನಲ್’ ಕೊಟ್ಟರೆ ಅವರ ಹೆಸರುಗಳು ಸಿಗುತ್ತವೆ.

ಉಳಿಸುವ ರೀತಿಯಲ್ಲಿ ಎರಡಕ್ಕೂ ವ್ಯತ್ಯಾಸವಿದೆ. ಆಕ್ಸೆಸ್‌ನಲ್ಲಿ ಮುಂದಿನ ಸಾಲಿಗೆ ಹೋದ ಕೂಡಲೇ ಹಿಂದಿನ ಸಾಲು ಫೈಲ್‌ಗೆ ಸೇರಿಬಿಡುತ್ತದೆ, ಸೇವ್ ಮಾಡದೆ ಮುಚ್ಚಿದರೆ ತಪ್ಪು ಅಳಿಯುತ್ತದೆ ಎಂದು ನಂಬಬೇಡಿ. ಬೇಸ್‌ನ ಎಂಬೆಡೆಡ್ ಡೇಟಾಬೇಸ್‌ನಲ್ಲಿ (ಮಾಹಿತಿಯೆಲ್ಲ ಬೇಸ್ ಫೈಲ್‌ನ ಒಳಗೇ ಇರುವ ಬಗೆಯಲ್ಲಿ) ಸಾಲು ಉಳಿಸಿದ ಮೇಲೂ ಮುಖ್ಯ ಕಿಟಕಿಗೆ ಬಂದು ಇಡೀ ಫೈಲ್ ಸೇವ್ ಮಾಡಬೇಕು. ಆಕ್ಸೆಸ್ ಫೈಲ್‌ಗೆ 2 ಜಿಬಿ ಮಿತಿಯಿದೆ. ಅಳಿಸಿದ ಸಾಲುಗಳ ಜಾಗ ತಾನಾಗಿ ಕುಗ್ಗುವುದಿಲ್ಲವಾದ್ದರಿಂದ, ಮೊದಲು ಫೈಲ್‌ನ ಒಂದು ನಕಲು ತೆಗೆದಿಟ್ಟು ಆಗಾಗ ಕಾಂಪ್ಯಾಕ್ಟ್ ಅಂಡ್ ರಿಪೇರ್ ಓಡಿಸಿ. ಮುಖಪುಟದ ಚಿತ್ರಗಳನ್ನು ಟೇಬಲ್‌ಗೆ ತುರುಕದೆ ಅವು ಇರುವ ಫೋಲ್ಡರ್‌ನ ವಿಳಾಸವನ್ನಷ್ಟೇ ಇಡಿ.

ನಿಜವಾದ ಮಾಹಿತಿ ತುಂಬುವ ಮುನ್ನ ಹತ್ತು ಸುಳ್ಳು ಸಾಲು ಹಾಕಿ ನೋಡಿ. ಅದರಲ್ಲಿ ಒಂದು ಎರವಲಿಗೆ ಇಲ್ಲದ ಸದಸ್ಯರ ಸಂಖ್ಯೆಯನ್ನು ಬೇಕೆಂದೇ ಕೊಡಿ. ತಂತ್ರಾಂಶ ಅದನ್ನು ತಡೆಯಬೇಕು. ಸುಮ್ಮನೆ ಒಪ್ಪಿಕೊಂಡರೆ ರಿಲೇಶನ್‌ಶಿಪ್ಸ್‌ಗೆ ಹಿಂತಿರುಗಿ, ರೆಫರೆನ್ಷಿಯಲ್ ಇಂಟೆಗ್ರಿಟಿಯ ಗುರುತು ಬಿಟ್ಟುಹೋಗಿದೆ.