ಗೋಳ ಯಾರ ಕೈಲಿದೆ?

"ಸರ್, ಸಿಸ್ಟಮ್ ಕೆಟ್ಟಿದೆ. ಆರ್ಡರ್ ಲಾಕ್ ಆಗಿದೆ ಅಂತ ಬರ್ತಿದೆ, ತೆಗೆದುಬಿಡಿ."

ಬಳ್ಳಾರಿಯಲ್ಲಿ ಎಸ್‌ಎಪಿ, ಅಂದರೆ ಕಂಪನಿಯ ಆರ್ಡರ್, ಸ್ಟಾಕ್, ಲೆಕ್ಕವೆಲ್ಲ ಇರುವ ಸಾಫ್ಟ್‌ವೇರ್, ನೋಡಿಕೊಳ್ಳುವ ನನಗೆ ತಿಂಗಳ ಕೊನೆ ಬಂತೆಂದರೆ ಇಂಥ ಫೋನ್ ಜಾಸ್ತಿ. ಕೆಲವರು ವೈರಸ್ ಅನ್ನುತ್ತಾರೆ. ಕೆಲವರು ಸುಮ್ನೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಆ ಮೆಸೇಜ್ ಬಂತು ಅಂದರೆ ಸಿಸ್ಟಮ್ ಎಚ್ಚರವಾಗಿದೆ ಎಂದೇ ಅರ್ಥ.

ಸ್ಟೋರ್ಸಿನ ಹಳೆ ಲೆಡ್ಜರ್ ನೆನಪು ಮಾಡಿಕೊಳ್ಳಿ. ಬೇರಿಂಗ್ 500 ಇವೆ. ಇಬ್ಬರು ಗುಮಾಸ್ತರು ಒಟ್ಟಿಗೆ ಆ 500 ನೋಡಿದರು. ಒಬ್ಬರು 100 ಕೊಟ್ಟು 400 ಬರೆದರು. ಇನ್ನೊಬ್ಬರು 50 ಕೊಟ್ಟು, ಆ 400 ಹೊಡೆದು 450 ಬರೆದರು. ಕಪಾಟಿನಲ್ಲಿ ಇರುವುದು 350! ಯಾರೂ ಕದ್ದಿಲ್ಲ, ಲೆಕ್ಕ ಮಾತ್ರ ಹೋಯಿತು.

ಇದಕ್ಕೆ ಮದ್ದು ಸಿಕ್ಕಿದ್ದು ಮೊದಲು ರೈಲಿನವರಿಗೆ. 1874ರಲ್ಲಿ ಇಂಗ್ಲೆಂಡಿನ ಥಾರ್ಪ್ ಹತ್ತಿರ, ಒಂಟಿ ಹಳಿಯ ಮೇಲೆ ಎರಡೂ ಕಡೆಯಿಂದ ರೈಲು ಬಿಟ್ಟರು. ಎದುರುಬದುರು ಡಿಕ್ಕಿಯಾಗಿ 25 ಜನ ಸತ್ತರು. ಆಮೇಲೆ ಎಡ್ವರ್ಡ್ ಟೈಯರ್ ಎಂಬಾತ ಒಂದು ಯಂತ್ರ ಮಾಡಿದ. ಎರಡು ಸ್ಟೇಷನ್ನಿನ ಪೆಟ್ಟಿಗೆಗಳನ್ನು ವಿದ್ಯುತ್ ತಂತಿಯಿಂದ ಜೋಡಿಸಿದ. ಪೆಟ್ಟಿಗೆಯ ಬಿಲ್ಲೆ ಡ್ರೈವರ್ ಕೈಲಿಲ್ಲದೆ ರೈಲು ಹೊರಡುವಂತಿಲ್ಲ. ಒಂದು ಬಿಲ್ಲೆ ಹೊರಗೆ ಬಂದರೆ, ಅದು ವಾಪಸ್ ಹೋಗುವ ತನಕ ಇನ್ನೊಂದು ಬರುವುದೇ ಇಲ್ಲ. ನಮ್ಮ ದೇಶದ ಒಂಟಿ ಹಳಿಗಳಲ್ಲಿ ಈ ಬಿಲ್ಲೆ ಲೋಹದ ಗೋಳವಾಯಿತು. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಕೈಯಿಂದ ಡ್ರೈವರ್ ದೊಡ್ಡ ಬಳೆ ಕಿತ್ತುಕೊಂಡು ಹೋಗುವುದನ್ನು ಹಿರಿಯರು ನೋಡಿರುತ್ತಾರೆ, ಅಲ್ವಾ? ಗೋಳ ಇದ್ದದ್ದು ಅದಕ್ಕೆ ಕಟ್ಟಿದ ಚೀಲದಲ್ಲಿ. 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇಂಥದ್ದೇ ಉಪಾಯವನ್ನು ಕಂಪ್ಯೂಟರಿಗೆ ತಂದಾಗ ಅದಕ್ಕಿಟ್ಟ ಹೆಸರೂ ರೈಲಿನದೇ: ಸೆಮಾಫೋರ್, ಅಂದರೆ ಹಳೆ ಕೈಕಂಬದ ಸಿಗ್ನಲ್.

ಎಸ್‌ಎಪಿಯ ಲಾಕ್ ಕೂಡ ಆ ಗೋಳವೇ. ಅದು ಆರ್ಡರಿಗೆ ಜಡಿದ ಬೀಗ ಅಂತ ತಿಳಿಯಬೇಡಿ. ಸರ್ವರಿನ ಮೆಮೊರಿಯಲ್ಲಿ ಒಂದು ಪಟ್ಟಿ ಇದೆ. ಇಂಥ ಆರ್ಡರ್ ಇಂಥವರ ಹತ್ತಿರ ಇದೆ ಎಂದು ಅದರಲ್ಲಿ ಒಂದು ಸಾಲು ಬೀಳುತ್ತದೆ, ಅಷ್ಟೆ. ಪಟ್ಟಿ ನೋಡದೆ ಬರೆಯುವ ಪ್ರೋಗ್ರಾಂ ಇದ್ದರೆ ಅದನ್ನು ಈ ಸಾಲು ತಡೆಯುವುದಿಲ್ಲ. ಗೋಳ ಇಲ್ಲದೆ ಹೊರಟ ರೈಲನ್ನು ಹಳಿ ತಡೆಯುತ್ತದೆಯೇ?

ಅದಕ್ಕೇ ಎಸ್‌ಎಂ12ರಲ್ಲಿ, ಅಂದರೆ ಆ ಪಟ್ಟಿ ತೋರಿಸುವ ಎಸ್‌ಎಪಿ ಪರದೆಯಲ್ಲಿ, ಸಾಲು ಅಳಿಸುವುದೆಂದರೆ ನನಗೆ ಭಯ. ಸಾಲು ಹೋಗುತ್ತದೆ, ಎದುರಿನ ರೈಲು ಹಳಿಯ ಮೇಲೇ ಇರುತ್ತದೆ. ಹಿಂದೆ ನಾನಿದ್ದ ಒಂದು ಕಡೆ ಹೀಗೇ ಅಳಿಸಿದರು. ಒಬ್ಬರು ಆರ್ಡರಿನಲ್ಲಿ ಎಷ್ಟು ಮಾಲು ಬೇಕು ಎಂಬ ಸಂಖ್ಯೆ ತಿದ್ದಿ ಸೇವ್ ಮಾಡಿದರು. ಮೊದಲೇ ಅದನ್ನು ತೆರೆದು ಕೂತಿದ್ದವರು ಆಮೇಲೆ ದರ ತಿದ್ದಿ ಸೇವ್ ಮಾಡಿದರು. ಹಳೆಯ ಸಂಖ್ಯೆ ವಾಪಸ್ ಬಂತು. ಗೊತ್ತಾಗಿದ್ದು ಲಾರಿ ಗೇಟಿಗೆ ಬಂದಾಗ.

ಮೊದಲು ಮೆಸೇಜಿನಲ್ಲಿರುವ ಯೂಸರ್ ಹೆಸರು ಓದಿ, ಅವರಿಗೆ ಫೋನ್ ಮಾಡಿ. ಎಷ್ಟೋ ಸಲ ಅದು ನಿಮ್ಮದೇ ಹೆಸರು, ಇನ್ನೊಂದು ವಿಂಡೋದಲ್ಲಿ ಅದೇ ಆರ್ಡರ್ ತೆರೆದಿರುತ್ತದೆ. ಬೇರೆಯವರದಾದರೆ, ಅವರು ಲಾಗಿನ್ ಆಗಿದ್ದಾರಾ ಎಂದು ಎಸ್‌ಎಂ04 ಎಂಬ ಪರದೆಯಲ್ಲಿ ನೋಡಬಹುದು. ಎಸ್‌ಎಂ12ರಲ್ಲಿ ಸಾಲು ನೀಲಿ ಬಣ್ಣದಲ್ಲಿದ್ದರೆ ಅದು ಅಪ್‌ಡೇಟಿಗೆ, ಅಂದರೆ ಸೇವ್ ಮಾಡಿದ್ದನ್ನು ಡೇಟಾಬೇಸಿಗೆ ಬರೆಯುವ ಕೆಲಸಕ್ಕೆ, ಹೋಗಿದೆ. ಬಹಳ ಹೊತ್ತು ಹಾಗೇ ನಿಂತಿದ್ದರೆ ಎಸ್‌ಎಂ13 ಪರದೆಯಲ್ಲಿ ಅಪ್‌ಡೇಟ್ ಅರ್ಧಕ್ಕೆ ನಿಂತಿದೆಯಾ ಎಂದು ಹುಡುಕಿ, ಮೊದಲು ಅದನ್ನು ಸರಿಮಾಡಿ. ಆ ಯೂಸರ್ ಯಾವ ಸರ್ವರಿನಲ್ಲೂ ಇಲ್ಲ, ಅವರ ಹೆಸರಲ್ಲಿ ಹಿನ್ನೆಲೆಯಲ್ಲಿ ಯಾವ ಜಾಬೂ (ತಾನಾಗೇ ಓಡುವ ಪ್ರೋಗ್ರಾಂ) ಓಡುತ್ತಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಸಾಲಿಗೆ ಕೈ ಹಾಕಿ.

ಆವತ್ತು ಫೋನ್ ಮಾಡಿದವರಿಗೂ ಹೆಸರು ಓದಿ ಎಂದೆ. ಓದಿದರು. ಪಕ್ಕದ ಟೇಬಲಿನವರು ಆರ್ಡರ್ ತೆರೆದಿಟ್ಟು ಊಟಕ್ಕೆ ಹೋಗಿದ್ದರು.